ಕಾಂದಿವಲಿಯ ನೀರಾ ಅಕ್ಕ

ಅಕ್ಕ ಯಾವಾಗಲೂ ಸೂರ್ಯನಿಗೆ ಬೆನ್ನು ಕೊಟ್ಟೇ ನಿಲ್ಲುತ್ತಿದ್ದರು. ಎತ್ತರದ ಆಳು, ಅಗಲವಾದ ಹೆಗಲು. ಅವರ ನೆರಳು ಮುಂದಿದ್ದ ಕ್ಯಾನಿನ ಮೇಲೆ ಪೂರ್ತಿಯಾಗಿ ಬೀಳುತ್ತಿತ್ತು. ಬಿಸಿಲು ಸ್ವಲ್ಪ ಸರಿದರೆ ಅವರೂ ಅಷ್ಟೇ ಸರಿಯುತ್ತಿದ್ದರು. ಗಿರಾಕಿಯ ಜೊತೆ ಮಾತಾಡುವಾಗ, ಗ್ಲಾಸು ತೊಳೆಯುವಾಗ, ಪಕ್ಕದವನನ್ನು ಬೈಯುವಾಗ ಕೂಡ ಕಾಲುಗಳು ತಮ್ಮ ಪಾಡಿಗೆ ಜರುಗುತ್ತಿದ್ದವು. ಒದ್ದೆ ಗೋಣಿ ಸುತ್ತಿದ ಆ ಕ್ಯಾನಿಗೆ ತಮ್ಮ ಮೈಯನ್ನೇ ಕೊಡೆ ಮಾಡಿ ಅವರು ಹಾಗೆ ನಿಲ್ಲುವುದು ಗಿರಾಕಿಗೆ ತಂಪಾಗಿರಲಿ ಎಂಬ ಮುತುವರ್ಜಿಯಿಂದ ಎಂದು ಮೊದಲು ನಾನು ತಿಳಿದಿದ್ದೆ. ಅದು ಹೆದರಿಕೆ ಎಂದು ತಿಳಿಯಲು ಸಮಯ ಹಿಡಿಯಿತು.

ಕ್ಯಾನಿನಲ್ಲಿ ಇರುತ್ತಿದ್ದದ್ದು ನೀರಾ. ತಾಳೆಮರದ ಹೊಂಬಾಳೆಯಿಂದ ರಾತ್ರಿಯಿಡೀ ತೊಟ್ಟಿಕ್ಕುವ ರಸ. ಒಳಗೆ ಸುಣ್ಣ ಬಳಿದ ಮಡಕೆಯಲ್ಲಿ ಹಿಡಿದು, ಬೆಳಗಿನ ಚಳಿ ಇಳಿಯುವ ಮುಂಚೆ ಕುಡಿದರೆ ಎಳನೀರಿಗಿಂತ ಸಿಹಿ. ಬಿಸಿಲು ತಾಗಿದರೆ, ಇಲ್ಲವೇ ಮಡಕೆಗೆ ಸುಣ್ಣ ತಪ್ಪಿದರೆ, ಅದೇ ರಸ ಹುಳಿ ಬಂದು ಕಳ್ಳಾಗುತ್ತದೆ. ಐವತ್ತರ ದಶಕದ ಮುಂಬಯಿಯಲ್ಲಿ ದಾರುಬಂದಿ, ಅಂದರೆ ಪಾನನಿಷೇಧ, ಬಿಗಿಯಾಗಿತ್ತು. ನೀರಾ ಮಾರಲು ಪರವಾನಗಿ ಕೊಡುತ್ತಿದ್ದರು. ಕಳ್ಳು ಸಿಕ್ಕಿದರೆ ಒಳಗೆ ಹಾಕುತ್ತಿದ್ದರು. ಎರಡರ ನಡುವೆ ಇದ್ದದ್ದು ಒಂದಿಷ್ಟು ಸುಣ್ಣ ಮತ್ತು ಒಂದಿಷ್ಟು ಹೊತ್ತು.

"ಹಾಲು ಕೆಟ್ರೆ ಮೊಸರಾದ್ರೂ ಆಗ್ತದೆ," ಎನ್ನುತ್ತಿದ್ದರು ಅಕ್ಕ. "ಇದು ಕೆಟ್ರೆ ಪೊಲೀಸ್ ಆಗ್ತದೆ."

ನಾನು ಫೋರ್ಟಿನ ಒಂದು ಆಫೀಸಿನಲ್ಲಿ ಗುಮಾಸ್ತನಾಗಿದ್ದೆ. ಹೆಂಡತಿಯನ್ನು ಊರಿನಿಂದ ಕರೆತಂದ ಮೇಲೆ ಪೇಟೆಯಲ್ಲಿ ಖೋಲಿ ಸಿಗದೆ ಕಾಂದಿವಲಿಯಲ್ಲಿ ಸಾಲು ಖೋಲಿಗಳ ಒಂದು ಚಾಳಿಗೆ ಬಂದೆ. ಆಗಿನ ಕಾಂದಿವಲಿ ಎಂದರೆ ಸ್ಟೇಶನ್, ಸ್ಟೇಶನ್ನಿನ ಹಿಂದೆ ಹೊಲ, ಹೊಲದ ಆಚೆ ತಾಳೆಮರಗಳು. ನಮ್ಮ ಗೋಡೆಗೆ ಅಂಟಿದ ಖೋಲಿಯಲ್ಲಿ ಅಕ್ಕ ಮತ್ತು ಅವರ ಗಂಡ ಇದ್ದರು. ಅವರು ಮಂಗಳೂರು ಕಡೆಯವರು, ನಾವೂ ಅಲ್ಲಿಯವರೇ. ಅವರು ಮನೆಯಲ್ಲಿ ಆಡುತ್ತಿದ್ದ ತುಳು ನಮಗೂ ಬರುತ್ತಿತ್ತು. ಬಂದ ಮೊದಲ ದಿನವೇ ನನ್ನ ಹೆಂಡತಿಗೆ ಅವರು ಅಕ್ಕ ಆದರು, ಹಾಗಾಗಿ ನನಗೂ ಅಕ್ಕ. ಇಡೀ ಚಾಳಿಗೆ ಅವರು ನೀರಾ ಅಕ್ಕ. ಅವರ ಗಂಡನನ್ನು ನಾನು ಭಾವ ಎನ್ನುತ್ತಿದ್ದೆ.

ದೀಪಾವಳಿ ಕಳೆದದ್ದೇ ಸ್ಟೇಶನ್ನಿನ ಪಕ್ಕದ ಬಯಲಿನಲ್ಲಿ ಬೆಳಗಿನ ಸಂತೆ ಶುರುವಾಗುತ್ತಿತ್ತು. ಹೋಳಿ ಬರುವವರೆಗೆ ಅದು ಇರುತ್ತಿತ್ತು. ತೋಟದವರು ತಲೆಯ ಮೇಲೆ ಸೊಪ್ಪು, ಬದನೆ, ಮೂಲಂಗಿ ಹೊತ್ತು ತರುತ್ತಿದ್ದರು. ಅವರ ಹಿಂದೆಯೇ ತಿನ್ನುವ ಸಾಲು. ಒಬ್ಬ ಗುಜರಾತಿ ಮುದುಕ ಅವರೆಕಾಯಿಯಂಥ ಪಾಪಡಿ, ಆಲೂಗಡ್ಡೆ, ನೇರಳೆ ಬಣ್ಣದ ಗೆಣಸು ಎಲ್ಲವನ್ನೂ ಓಮ, ಉಪ್ಪು ಹಚ್ಚಿ ಮಡಕೆಯಲ್ಲಿ ತುಂಬಿ, ಬಾಯಿಗೆ ಸೊಪ್ಪು ತುರುಕಿ, ಕೆಂಡದ ಮೇಲೆ ಬೋರಲು ಹಾಕುತ್ತಿದ್ದ. ಅದನ್ನು ಒಡೆದಾಗ ಬರುವ ಹಬೆಗೆ ಲೋಕಲ್ ರೈಲು ಹಿಡಿಯಲು ಓಡುತ್ತಿದ್ದವರೂ ನಿಲ್ಲುತ್ತಿದ್ದರು. ಬೇಯಿಸಿದ ನೆಲಗಡಲೆ, ಸುಟ್ಟ ಹಸಿಕಡಲೆ, ಉಪ್ಪುಖಾರ ಹಚ್ಚಿದ ಪೇರಳೆ. ನಮ್ಮ ಕಡೆಯ ಒಬ್ಬನ ಗೋಳಿಬಜೆ. ಖಾರ ತಿಂದವರೆಲ್ಲ ಕೊನೆಗೆ ಬರುತ್ತಿದ್ದದ್ದು ಅಕ್ಕನ ಹತ್ತಿರ. ಒಂದು ಗ್ಲಾಸು ನೀರಾ ಕುಡಿದು, ಮೀಸೆ ಒರೆಸಿ, ಗಾಡಿ ಹತ್ತುತ್ತಿದ್ದರು. ಆ ಬಯಲಿನಲ್ಲಿ ಬಿಸಿ ಪಾಪಡಿಯ ಎಲೆ ಒಂದು ಕೈಯಲ್ಲಿ, ತಣ್ಣಗಿನ ಗ್ಲಾಸು ಇನ್ನೊಂದು ಕೈಯಲ್ಲಿ ಹಿಡಿದು ನಿಂತಾಗ ನಾನು ಮುಂಬಯಿಯಲ್ಲಿ ಪರದೇಶಿ ಅನ್ನುವುದು ಮರೆತುಹೋಗುತ್ತಿತ್ತು.

ಮೊದಲ ಗ್ಲಾಸು ಮಾತ್ರ ಅಕ್ಕ ಯಾರಿಗೂ ಕೊಡುತ್ತಿರಲಿಲ್ಲ. ಅದು ಅವರದ್ದು. ಕುಡಿಯುತ್ತಿರಲಿಲ್ಲ, ಒಂದು ಗುಟುಕು ಬಾಯಲ್ಲಿ ಹಿಡಿದು, ಕಣ್ಣು ಮುಚ್ಚಿ ನಿಂತು, ಪಕ್ಕಕ್ಕೆ ಉಗುಳಿ, "ಬನ್ನಿ" ಎನ್ನುತ್ತಿದ್ದರು. ಬಿಸಿಲು ಸ್ಟೇಶನ್ನಿನ ಕಟ್ಟೆಗೆ ಬಂದರೆ ಉಳಿದದ್ದನ್ನು ಎಲ್ಲರ ಎದುರು ಮಣ್ಣಿಗೆ ಸುರಿಯುತ್ತಿದ್ದರು. ಆಗ ಗಿರಾಕಿಗಳು ಅಯ್ಯೋ ಎನ್ನುವುದು ದಿನದ ಮಾತು.

ಮಿಲ್ಲಿನಿಂದ ನಿವೃತ್ತನಾದ ಒಬ್ಬ ಮುದುಕ ದಿನವೂ ಒಂದೇ ಚೇಷ್ಟೆ ಮಾಡುತ್ತಿದ್ದ. "ಬಾಯಿ, ಜರಾ ಧೂಪ್ ಮೆ ರಖೋ ನಾ," ಸ್ವಲ್ಪ ಬಿಸಿಲಿಗೆ ಇಡಮ್ಮ ಎಂದು ಗ್ಲಾಸನ್ನು ಬಿಸಿಲಿಗೆ ಹಿಡಿಯುವುದು. ಸ್ವಲ್ಪ ಬಿಸಿಲು ಕಾಯಿಸಿದರೆ ಅಮಲು ಬಂದೀತು ಎಂಬ ಆಸೆ.

"ಧೂಪ್ ಮೆ ತುಮ್ ಖಡಾ ರಹೋ," ಎನ್ನುತ್ತಿದ್ದರು ಅಕ್ಕ ತಮ್ಮ ಹಿಂದಿಯಲ್ಲಿ. "ಪಹಲೇ ತುಮ್ ಖಟ್ಟಾ ಹೋಯೇಗಾ." ಬಿಸಿಲಲ್ಲಿ ನೀನೇ ನಿಲ್ಲು, ಮೊದಲು ಹುಳಿ ಬರುವವನು ನೀನೇ. ಮುದುಕ ನಗುತ್ತಿದ್ದ, ಸಾಲಿನಲ್ಲಿದ್ದವರೂ ನಗುತ್ತಿದ್ದರು. ಅಕ್ಕ ನಗುತ್ತಿರಲಿಲ್ಲ. ಮುದುಕನ ಭುಜದ ಮೇಲಿಂದ ಬಯಲಿನ ಬಾಗಿಲ ಕಡೆ ನೋಡುತ್ತಿದ್ದರು. ಆ ನೋಟವನ್ನು ನಾನು ಪ್ರತಿ ಸಲ ಕಂಡಿದ್ದೇನೆ.

ಕಾರಣ ನನ್ನ ಹೆಂಡತಿಯಿಂದ ತಿಳಿಯಿತು. ಭಾವ ಊರಿನಲ್ಲಿ ಚಿಕ್ಕಂದಿನಿಂದ ಕಳ್ಳು ಇಳಿಸುತ್ತಿದ್ದವರು. ಇಲ್ಲಿ ಕಾನೂನು ಬಂದ ಮೇಲೂ ಒಂದು ಮರಕ್ಕೆ ಸುಣ್ಣವಿಲ್ಲದ ಮಡಕೆ ಕಟ್ಟಿದ್ದರು, ತಮಗೆಂದು. ಅದು ಸಿಕ್ಕಿತು. ಜೈಲಿಗೆ ಹೋದವರು ಎದೆಯಲ್ಲಿ ಕಫ ತುಂಬಿಕೊಂಡು ಬಂದರು. ಆಮೇಲೆ ಪರವಾನಗಿಯನ್ನು ಅಕ್ಕ ತಮ್ಮ ಹೆಸರಿಗೆ ಮಾಡಿಸಿಕೊಂಡರು. ಮರ ಹತ್ತುವುದು ಭಾವ. ಮಡಕೆ ತಿಕ್ಕುವುದು, ಸುಣ್ಣ ಬಳಿಯುವುದು, ಬೆಳಿಗ್ಗೆ ಒಂದೊಂದೇ ಮಡಕೆ ಮೂಸಿ ಕ್ಯಾನಿಗೆ ಸೋಸುವುದು ಅಕ್ಕ. ಆ ಕೆಲಸವನ್ನು ಅವರು ಭಾವನಿಗೆ ಬಿಡುತ್ತಲೇ ಇರಲಿಲ್ಲ. ಬೆರಳ ತುದಿಗಳು ಸುಣ್ಣ ತಿಂದು ಬಿಳಿಯಾಗಿ ಒಡೆದಿದ್ದವು. ಉಪ್ಪು ಮುಟ್ಟಿದರೆ ಉರಿ ಎಂದು ಉಪ್ಪಿನಕಾಯಿಯನ್ನು ಚಮಚದಲ್ಲಿ ತೆಗೆಯುತ್ತಿದ್ದರು.

"ಇನ್ನೊಂದು ಸಲ ಒಳಗೆ ಹೋದ್ರೆ ಅವರು ನಡ್ಕೊಂಡು ಹೊರಗೆ ಬರ್ಲಿಕ್ಕಿಲ್ಲ," ಎಂದು ನನ್ನ ಹೆಂಡತಿಯ ಹತ್ತಿರ ಹೇಳಿದ್ದರಂತೆ. ಗೋಡೆಯ ಆಚೆಯಿಂದ ಭಾವನ ಕೆಮ್ಮು ನಮಗೂ ಕೇಳುತ್ತಿತ್ತು. ಅವರ ಮಾತು ಸುಳ್ಳಲ್ಲ ಎಂದು ಆ ಕೆಮ್ಮೇ ಹೇಳುತ್ತಿತ್ತು.

ಈಗ ಹೇಳಬೇಕಾದದ್ದನ್ನು ನಾನು ಕಂಡ ಕ್ರಮದಲ್ಲೇ ಹೇಳುತ್ತೇನೆ. ಕಾಣದೆ ಆಮೇಲೆ ಕೇಳಿದ್ದನ್ನು, ಕೇಳಿದ್ದು ಎಂದೇ ಹೇಳುತ್ತೇನೆ.

ಸಂಕ್ರಾಂತಿ ಹತ್ತಿರವಿದ್ದ ಒಂದು ಸಂಜೆ. ನಾನು ಆಫೀಸಿನಿಂದ ಬಂದಾಗ ಅಕ್ಕ ಬಾಗಿಲಲ್ಲಿ ಮಡಕೆಗಳನ್ನು ಮುಂದಿಟ್ಟುಕೊಂಡು ಕೂತಿದ್ದರು, ಇನ್ನೂ ತಿಕ್ಕಲು ತೊಡಗಿರಲಿಲ್ಲ. ನಮ್ಮ ಖೋಲಿಯಲ್ಲಿ ನನ್ನ ಹೆಂಡತಿಗೆ ಹೆರಿಗೆ ನೋವು ಶುರುವಾಗಿತ್ತು. ದಿನ ತುಂಬಲು ಇನ್ನೂ ಇತ್ತು. ಮಾತಾಡಿಟ್ಟಿದ್ದ ಆಸ್ಪತ್ರೆ ಇದ್ದದ್ದು ಪೇಟೆಯಲ್ಲಿ. ಅಕ್ಕ ಎದ್ದು ಒಳಗೆ ಹೋಗಿ ನೋಡಿ ಬಂದು, ಗಾಡಿ ಹತ್ತಿಸುವ ಹಾಗಿಲ್ಲ ಎಂದರು. ಭಾವನ ಕಡೆ ತಿರುಗಿ, ಮಡಕೆಗಳನ್ನು ನೀವೇ ತೊಳೆದು ಸುಣ್ಣ ಬಳಿದು ಕಟ್ಟಿ ಎಂದರು. ಇದನ್ನು ನಾನು ಕೇಳಿದೆ. ಆಮೇಲೆ ಅವರು ನಮ್ಮ ಖೋಲಿಯ ಬಾಗಿಲು ಹಾಕಿಕೊಂಡರು.

ಬೆಳಕು ಹರಿಯುವ ಮೊದಲು ಹೆಣ್ಣು ಮಗು ಹುಟ್ಟಿತು. ಕೊರಳಿಗೆ ಬಳ್ಳಿ ಸುತ್ತಿತ್ತಂತೆ. ಅಳಲಿಲ್ಲ. ಅಕ್ಕ ಅದರ ಬಾಯಿಗೆ ಬಾಯಿ ಇಟ್ಟು ಕಫ ಎಳೆದು ಉಗುಳಿದ ಮೇಲೆ ಅತ್ತಿತು. ಆ ಅಳು ಹೊರಗೆ ಮೆಟ್ಟಿಲ ಮೇಲೆ ಕೂತಿದ್ದ ನನಗೆ ಕೇಳಿತು. ಅಕ್ಕ ಹೊರಗೆ ಬಂದು ನಲ್ಲಿಯ ಕೆಳಗೆ ತಲೆಗೆ ನೀರು ಸುರಿದುಕೊಂಡು, ಸೀರೆ ಬದಲಿಸಿ, ತಡವಾಯಿತು ಎನ್ನುತ್ತ ಓಡಿದರು. ಅಷ್ಟರೊಳಗೆ ಅವರಿಗೆ ಉಪಕಾರವಾಗಲೆಂದು ಭಾವ ಮಡಕೆಗಳನ್ನೆಲ್ಲ ಇಳಿಸಿ ಕ್ಯಾನಿಗೆ ಸೋಸಿಟ್ಟಿದ್ದರು. ಆ ದಿನ ಮಡಕೆ ಮೂಸಿದವರು ಯಾರೂ ಇಲ್ಲ. ಶೀತದಿಂದ ಭಾವನ ಮೂಗು ಕಟ್ಟಿತ್ತು.

ನಾನು ಸಕ್ಕರೆ, ಬೆಲ್ಲ ತರಲು ಸಂತೆಗೆ ಹೋದೆ. ಅಕ್ಕನ ಮುಂದೆ ಸಾಲು ಆಗಲೇ ನೆರೆದಿತ್ತು. ನನ್ನನ್ನು ಕಂಡೊಡನೆ ಅವರ ಮುಖ ಅರಳಿತು. ಅಕ್ಕ ಹಾಗೆ ಸಂತೆಯಲ್ಲಿ ನಕ್ಕದ್ದನ್ನು ಅದಕ್ಕೆ ಮೊದಲು ನಾನು ನೋಡಿರಲಿಲ್ಲ.

"ಇವತ್ತು ಮೊದಲ್ನೇ ಗ್ಲಾಸ್ ನನಗಲ್ಲ," ಎಂದರು ಎಲ್ಲರಿಗೂ ಕೇಳುವಂತೆ. "ಅಪ್ಪ ಆದವನಿಗೆ."

ಮಿಲ್ಲಿನ ಮುದುಕ ಗಂಡೋ ಹೆಣ್ಣೋ ಎಂದು ಕೇಳಿದ. ಲಕ್ಷ್ಮಿ ಎಂದರು ಅಕ್ಕ. ಗ್ಲಾಸು ತುಂಬಿ ನನ್ನ ಕೈಗೆ ಕೊಟ್ಟರು. ನಾನು ಒಂದು ದೊಡ್ಡ ಗುಟುಕು ನುಂಗಿದೆ.

ನಾಲಿಗೆಯ ಎರಡೂ ಬದಿಗೆ ಚುರ್ ಎಂದಿತು. ಮೂಗಿನಲ್ಲಿ ಹುಳಿ ಏರಿತು. ಇನ್ನೊಂದು ಗುಟುಕು ಕುಡಿಯಬೇಕಿರಲಿಲ್ಲ. ಆದರೂ ತಪ್ಪು ತಿಳಿದಿರಬಾರದೆಂದು ತುದಿನಾಲಿಗೆಯಿಂದ ಮತ್ತೆ ನೋಡಿದೆ. ಅನುಮಾನವೇ ಇರಲಿಲ್ಲ. ತಲೆ ಎತ್ತಿದಾಗ ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದರು. ಅವರು ಕ್ಯಾನಿನ ಮುಚ್ಚಳ ಎತ್ತಿ, ಒಂದು ಸಲ ಉಸಿರೆಳೆದು, ಮುಚ್ಚಿದರು. ಮುಖದಲ್ಲಿದ್ದ ನಗು ಹಾಗೇ ಇತ್ತು, ಆದರೆ ಅದು ಇನ್ನೊಬ್ಬರ ಮುಖದ ಮೇಲಿದ್ದ ಹಾಗೆ ಇತ್ತು.

ಆಗಲೇ ನಾನು ಹಿಂದೆ ತಿರುಗಿ ನೋಡಿದ್ದು. ದಾರುಬಂದಿಯ ಇನ್ಸ್‌ಪೆಕ್ಟರರು ಪಾಪಡಿ ಮುದುಕನ ಮುಂದೆ ನಿಂತಿದ್ದರು; ಜೊತೆಗೆ ಬಂದ ಇಬ್ಬರು ಪೇದೆಗಳಲ್ಲಿ ಒಬ್ಬ ಬಯಲಿನ ಬಾಗಿಲಲ್ಲಿದ್ದ. ಬೆಳಗಾವಿ ಕಡೆಯವರು, ಕನ್ನಡ ಬಲ್ಲವರು. ಚಳಿಗಾಲದಲ್ಲಿ ಆಗೀಗ ಬರುತ್ತಿದ್ದರು, ತಪಾಸಣೆಗೂ ಹೌದು, ತಿನ್ನಲಿಕ್ಕೂ ಹೌದು. ಎಲೆಯಲ್ಲಿ ಪಾಪಡಿ ಹಾಕಿಸಿಕೊಂಡು, ಹಸಿರು ಚಟ್ನಿ ಹಚ್ಚಿ, ಒಂದೊಂದೇ ಕಾಯಿಯನ್ನು ಹಲ್ಲಿನಲ್ಲಿ ಎಳೆದು ಸಿಪ್ಪೆ ಎಸೆಯುತ್ತ ಬಹಳ ಸಾವಕಾಶವಾಗಿ ತಿಂದರು. ನನಗೆ ಆ ಸಿಪ್ಪೆಗಳು ಬೀಳುವುದು ಇಂದಿಗೂ ಕಾಣುತ್ತದೆ.

ಅಕ್ಕ ಸಾಲಿಗೆ ಹೇಳಿದರು, ಇವತ್ತು ನೀರಾ ಇಲ್ಲ. ಬಿಸಿಲು ಇನ್ನೂ ಕಟ್ಟೆಗೆ ಬಂದೇ ಇಲ್ಲವಲ್ಲ ಎಂದು ಯಾರೋ ಗೊಣಗಿದರು. ಮಿಲ್ಲಿನ ಮುದುಕ ಮಾತ್ರ ಕ್ಯಾನನ್ನೂ ಅಕ್ಕನನ್ನೂ ನೋಡಿ, ದಿನದ ಚೇಷ್ಟೆ ಮಾಡದೆ ದೂರ ಸರಿದ. ಸುರಿದುಬಿಡಿ ಅಕ್ಕ ಎಂದು ನಾನು ಪಿಸುಗುಟ್ಟಿದೆ. ಸುರಿದರೆ ಬಯಲಿಗೆಲ್ಲ ನಾತ ಎದ್ದು ಬರುತ್ತದೆ ಎಂದರು ತುಳುವಿನಲ್ಲಿ. ಎತ್ತಿಕೊಂಡು ಹೋಗೋಣ ಎಂದೆ. ಬಾಗಿಲಲ್ಲಿ ಪೇದೆ ಇದ್ದಾನೆ ಎಂದರು. ಅಷ್ಟರಲ್ಲಿ ಇನ್ಸ್‌ಪೆಕ್ಟರರು ಕೈ ಒರೆಸುತ್ತ ನಮ್ಮ ಕಡೆಗೇ ಬಂದರು.

"ಅಕ್ಕಾರ, ಒಂದ್ ಗ್ಲಾಸ್ ಹಾಕ್ರಿ. ಪಾಪಡಿ ಚಟ್ನಿ ಭಾಳ ಖಾರ ಐತಿ."

"ಇವತ್ತು ಇಲ್ಲ ಸಾಹೇಬ್ರೆ."

"ಕ್ಯಾನ್ ತುಂಬೇತಲ್ಲ?"

"ತುಂಬಿದೆ. ಕೊಡ್ಲಿಕ್ಕಿಲ್ಲ."

ಅವರು ಅಕ್ಕನನ್ನು ನೋಡಿದರು. ಆಮೇಲೆ ನನ್ನ ಕೈಯಲ್ಲಿದ್ದ ಗ್ಲಾಸನ್ನು ನೋಡಿದರು. ಅದು ಅರ್ಧ ತುಂಬಿತ್ತು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ನಾನು ಹಿಡಿದೇ ನಿಂತಿದ್ದೆ.

ಅಕ್ಕ ಬಾಗಿ ಗ್ಲಾಸು ತೊಳೆಯತೊಡಗಿದರು. ನನ್ನ ಕಡೆ ನೋಡದೆ, ನೀರಿನ ಜೊತೆ ಮಾತಾಡುವವರ ಹಾಗೆ ತುಳುವಿನಲ್ಲಿ ಹೇಳಿದರು: ಮಗು ಕಣ್ಣು ಬಿಟ್ಟ ದಿನ ಅಪ್ಪನ ಬಾಯಲ್ಲಿ ಸುಳ್ಳು ಬರಬಾರದು, ಅದು ಮಗುವಿನ ತಲೆಗೆ ಬರುತ್ತದೆ, ಕುಡಿದದ್ದನ್ನು ಕುಡಿದ ಹಾಗೆ ಹೇಳು.

"ಏನ್ರೀ, ನೀವು ಕುಡದ್ರಿ?" ಎಂದು ಇನ್ಸ್‌ಪೆಕ್ಟರರು ಕೇಳಿದರು. "ಹೆಂಗೈತಿ?"

"ಹುಳಿ ಬಂದಿದೆ," ಎಂದೆ.

ಅವರು ನನ್ನ ಕೈಯಿಂದ ಗ್ಲಾಸು ತೆಗೆದುಕೊಂಡು ಮೂಸಿದರು. ಪೇದೆಯನ್ನು ಕರೆದರು. ಎಣ್ಣೆಯಲ್ಲಿ ಗೋಳಿಬಜೆ ಬೇಯುವ ಸದ್ದು ಕೇಳುತ್ತಿತ್ತು.

"ನಿಮ್ಮ ಗಂಡ ಎಲ್ಲಿ? ಹಳೇ ಗಿರಾಕಿ ಅಲ್ಲೇನು ಆತ?" ಎಂದರು. ಅವರ ದನಿ ಒರಟಾಗಿರಲಿಲ್ಲ. "ಖರೇ ಹೇಳ್ರಿ ಅಕ್ಕಾರ. ಇದು ಆತನ ಕೆಲಸ. ನಿಮ್ಮನ್ನ ಯಾಕ ಹಿಡೀಲಿ ನಾನು?"

"ಅವರು ಮರ ಹತ್ತುದು, ಇಳಿಯುದು. ಮಡಕೆ ನನ್ನದು. ತೊಳೆಯುದು ನಾನು, ಸುಣ್ಣ ಹಾಕುದು ನಾನು. ನಿನ್ನೆ ನನ್ನ ಕೈ ತಪ್ಪಿದೆ." ಹೀಗೆಂದು ಎರಡೂ ಕೈಗಳನ್ನು ಮುಂದೆ ಚಾಚಿದರು. ಒಡೆದು ಬಿಳಿಚಿದ ಆ ಬೆರಳುಗಳನ್ನು ಇನ್ಸ್‌ಪೆಕ್ಟರರು ಸ್ವಲ್ಪ ಹೊತ್ತು ನೋಡಿದರು.

ನನಗೆ ಸುಳ್ಳು ಬೇಡವೆಂದವರು ಅದೇ ಉಸಿರಿನಲ್ಲಿ ತಾವು ಸುಳ್ಳು ಹೇಳಿದ್ದರು. ಹಿಂದಿನ ಸಂಜೆಯಿಂದ ಬೆಳಗಿನವರೆಗೆ ಆ ಕೈಗಳು ಎಲ್ಲಿದ್ದವು ಎಂದು ಆ ಬಯಲಿನಲ್ಲಿ ನನಗೊಬ್ಬನಿಗೆ ಗೊತ್ತಿತ್ತು.

ಇನ್ಸ್‌ಪೆಕ್ಟರರು ನನ್ನತ್ತ ತಿರುಗಿದರು. ಮಡಕೆ ತೊಳೆಯುವುದು ಇವರೇ ಹೌದೇ, ನೀವು ನೆರೆಯವರಲ್ಲವೇ ಎಂದು ಕೇಳಿದರು.

"ದಿನಾ ತೊಳೆಯುವುದು ಇವರೇ," ಎಂದೆ. ಅದು ನಿಜ. ನಿನ್ನೆ ಯಾರು ತೊಳೆದರು ಎಂದು ಅವರು ಕೇಳಲಿಲ್ಲ. ಕೇಳಿಯಾರು ಎಂದು ಅವರ ತುಟಿಗಳನ್ನೇ ನೋಡುತ್ತಿದ್ದೆ.

ಆಗ ಭಾವ ಬಂದರು. ಯಾರೋ ಚಾಳಿಗೆ ಹೋಗಿ ಸುದ್ದಿ ಮುಟ್ಟಿಸಿರಬೇಕು. ಅಂಗಿ ಹಾಕಿಕೊಂಡಿರಲಿಲ್ಲ. ಓಡಿ ಬಂದದ್ದಕ್ಕೆ ಎದೆ ಏರಿಳಿಯುತ್ತಿತ್ತು. ಮಾತಿಗೆ ಮೊದಲು ಕೆಮ್ಮು ಬಂತು. ಕೆಮ್ಮು ಮುಗಿಯುವವರೆಗೆ ಎಲ್ಲರೂ ಕಾದೆವು.

"ನಾನೇ ಸಾಹೇಬ್ರೆ," ಎಂದರು. "ಮಡಕೆ ತೊಳೆದದ್ದು ನಾನೇ. ಅವಳಿಗೆ ಗೊತ್ತಿಲ್ಲ. ನನ್ನನ್ನು ಕೊಂಡುಹೋಗಿ."

ಅಕ್ಕ ನಕ್ಕರು. ಗಟ್ಟಿಯಾಗಿ, ಸೊಂಟದ ಮೇಲೆ ಕೈ ಇಟ್ಟು, ಜನ ತಿರುಗಿ ನೋಡುವ ಹಾಗೆ ನಕ್ಕರು.

"ಇವರಾ? ಕೇಳಿ ಸಾಹೇಬ್ರೆ, ಇವರಂತೆ! ಮದುವೆ ಆದಂದಿನಿಂದ ಉಂಡ ಬಟ್ಟಲು ತೊಳೆದ ಜನ ಅಲ್ಲ, ಮಡಕೆ ತೊಳೆದರಂತೆ. ನೀರು ಕುಡಿದ ಚೊಂಬು ನಾನೇ ಎತ್ತಬೇಕು. ಸುಣ್ಣ ಎಲ್ಲಿ ಇಡ್ತೇನೆ ಅಂತ ಒಂದು ಕೇಳಿ ನೋಡಿ. ಕೇಳಿ, ಕೇಳಿ."

ಇನ್ಸ್‌ಪೆಕ್ಟರರು ಭಾವನನ್ನು ನೋಡಿದರು. "ಹೇಳ್ರಿ. ಸುಣ್ಣ ಎಲ್ಲಿರ್ತೈತಿ?"

ಭಾವ ಬಾಯಿ ತೆರೆದರು. ಅಕ್ಕನನ್ನು ನೋಡಿದರು. ಒಲೆಯ ಹತ್ತಿರ ಎಂದರು, ಅಲ್ಲ, ಮೋರಿಯ ಹತ್ತಿರ ಎಂದರು, ಮತ್ತೆ ಸುಮ್ಮನಾದರು. ಪೇದೆಗಳು ನಕ್ಕರು. ಪಾಪಡಿ ಮುದುಕ ನಕ್ಕ. ಸಾಲಿನಲ್ಲಿ ನಿಂತಿದ್ದ ಹೆಂಗಸರೂ ಸೆರಗು ಬಾಯಿಗಿಟ್ಟು ನಕ್ಕರು. ಸಂತೆಯ ನಡುವೆ ಬರಿಮೈಯಲ್ಲಿ ತಲೆ ತಗ್ಗಿಸಿ ನಿಂತ ಆ ಮನುಷ್ಯನಷ್ಟು ಅವಮಾನಪಟ್ಟವರನ್ನು ನಾನು ಕಂಡಿಲ್ಲ.

"ಮನೀಗೆ ಹೋಗ್ರಿ," ಎಂದರು ಇನ್ಸ್‌ಪೆಕ್ಟರರು. "ಹೆಂಡ್ತಿ ಮ್ಯಾಲಿನ ಪ್ರೀತಿ ಚಲೋ. ಆದ್ರ ಸರಕಾರಕ್ಕ ಸುಳ್ಳು ಹೇಳಬ್ಯಾಡ್ರಿ."

ಕ್ಯಾನಿಗೆ ಅರಗಿನ ಮುದ್ರೆ ಹಾಕಿ, ಅಕ್ಕನನ್ನು ಕರೆದುಕೊಂಡು ಹೋದರು. ಹೋಗುವಾಗ ಅಕ್ಕ ಭಾವನನ್ನು ತಿರುಗಿ ನೋಡಲಿಲ್ಲ. ನೋಡಿದ್ದರೆ ನಗು ಉಳಿಯುತ್ತಿರಲಿಲ್ಲ ಎಂದು ನನ್ನ ಎಣಿಕೆ. ಇದು ಎಣಿಕೆ ಮಾತ್ರ.

ಅಂದು ಸಂಜೆ ಭಾವ ನಮ್ಮ ಮೆಟ್ಟಿಲ ಮೇಲೆ ಬಂದು ಕೂತರು. ನಡೆದದ್ದನ್ನು ಹೇಳಿದರು. ಮಡಕೆಗಳನ್ನು ತೊಳೆದದ್ದು ಅವರೇ. ಸುಣ್ಣ ಹುಡುಕಿದರು, ಸಿಗಲಿಲ್ಲ. ಇಷ್ಟು ವರ್ಷದಲ್ಲಿ ಅದು ಎಲ್ಲಿರುತ್ತದೆಂದು ನೋಡಿಯೇ ಇರಲಿಲ್ಲ. ಅಕ್ಕ ಇದ್ದದ್ದು ಒಂದು ಗೋಡೆಯ ಆಚೆ; ಕೂಗಿದರೆ ಕೇಳುತ್ತಿತ್ತು. "ಹೆರಿಗೆಯ ಬಾಗಿಲಲ್ಲಿ ಗಂಡಸು ನಿಂತು ಸುಣ್ಣ ಎಲ್ಲುಂಟು ಅಂತ ಹೇಗೆ ಕೇಳುದು ಮಾರಾಯ?" ಎಂದರು. ಕತ್ತಲಾಗುತ್ತಿತ್ತು. ಚಳಿ ಇದೆಯಲ್ಲ, ಒಂದು ರಾತ್ರಿಗೆ ಏನೂ ಆಗದು ಎಂದುಕೊಂಡು ಸುಣ್ಣವಿಲ್ಲದೆ ಮಡಕೆ ಕಟ್ಟಿದರು.

ಹಾಗಾದರೆ ಸಂತೆಯಲ್ಲಿ ಅವರನ್ನು ಉಳಿಸಿದ್ದೂ, ಆ ನೀರಾವನ್ನು ಕೆಡಿಸಿದ್ದೂ ಒಂದೇ ಸಂಗತಿ. ಸುಣ್ಣ ಎಲ್ಲಿದೆಯೆಂದು ಅವರಿಗೆ ನಿಜವಾಗಿ ಗೊತ್ತಿರಲಿಲ್ಲ. ಕ್ಯಾನಿನ ಮುಚ್ಚಳ ಎತ್ತಿದ ಆ ಒಂದು ಉಸಿರಿನಲ್ಲೇ ಅಕ್ಕ ಅದನ್ನು ತಿಳಿದುಕೊಂಡಿದ್ದರು. ಅಷ್ಟು ಜನರೆದುರು ಆ ಪ್ರಶ್ನೆ ಕೇಳಿಸಿದ್ದು ಉತ್ತರ ಬರುವುದಿಲ್ಲ ಎಂದು ಗೊತ್ತಿದ್ದೇ.

ವಿಚಾರಣೆಗೆ ನನ್ನನ್ನು ಸಾಕ್ಷಿಯಾಗಿ ಕರೆದಿದ್ದರು. ರಜೆ ಹಾಕಿ ಹೋದೆ. ಹಿಂದಿನ ಸಂಜೆ ಆರೋಪಿ ಎಲ್ಲಿದ್ದಳು ಎಂದು ಕೋರ್ಟಿನಲ್ಲಿ ಯಾರಾದರೂ ಕೇಳಿದರೆ ನಾನು ಏನು ಹೇಳಬೇಕು? ನಿಜ ಹೇಳಿದರೆ ಅಕ್ಕ ಹೊರಗೆ, ಭಾವ ಒಳಗೆ. ಸುಳ್ಳು ಹೇಳುವುದಾದರೆ ಪ್ರಮಾಣ ಮಾಡಿ ಹೇಳಬೇಕು, ಮನೆಯಲ್ಲಿ ಹಸುಗೂಸು ಇಟ್ಟುಕೊಂಡು. ವರಾಂಡದ ಬೆಂಚಿನ ಮೇಲೆ ಕೂತು ಎರಡೂ ಉತ್ತರಗಳನ್ನು ಬಾಯೊಳಗೆ ಹೇಳಿ ನೋಡಿದೆ. ಎರಡೂ ಹೊರಗೆ ಬರುವಂತಿರಲಿಲ್ಲ. ಯಾವುದನ್ನು ಹೇಳುತ್ತಿದ್ದೆ ಎಂದು ಇಷ್ಟು ವರ್ಷ ಯೋಚಿಸಿಯೂ ನನಗೆ ತಿಳಿದಿಲ್ಲ.

ಹೇಳುವ ಹೊತ್ತು ಬರಲಿಲ್ಲ. ಹೆಸರು ಕೂಗಿದೊಡನೆ ಅಕ್ಕ ತಪ್ಪೊಪ್ಪಿಕೊಂಡರಂತೆ. ವಕೀಲ ಬೇಡ, ಸಾಕ್ಷಿ ಬೇಡ ಎಂದರಂತೆ. ನಾನು ಒಳಗೆ ಹೋಗುವ ಮೊದಲೇ ಎಲ್ಲ ಮುಗಿದಿತ್ತು. ಭಾವನಿಗಾಗಿ ಹಾಗೆ ಮಾಡಿದರು, ಸರಿ. ಆದರೆ ನನಗಾಗಿಯೂ ಮಾಡಿದರು. ನನ್ನನ್ನು ಆ ಕಟಕಟೆಗೆ ಹತ್ತಿಸಬಾರದೆಂದು ಮಾಡಿದರು. ಅಕ್ಕ ಮಹಿಳಾ ಪೇದೆಯೊಬ್ಬಳ ಜೊತೆ ವರಾಂಡದಲ್ಲಿ ನನ್ನ ಮುಂದಿನಿಂದಲೇ ಹೋದರು. ನಾನು ಎದ್ದು ನಿಂತೆ.

"ಬಾಣಂತಿಗೆ ತಣ್ಣೀರು ಕೊಡ್ಬೇಡ," ಎಂದರು ಅಕ್ಕ. ಅಷ್ಟೇ.

ಸೆರೆಮನೆಯಲ್ಲಿ ಅವರು ಇದ್ದ ತಿಂಗಳುಗಳಲ್ಲಿ ಭಾವ ನಮ್ಮಲ್ಲೇ ಉಂಡರು. ಉಂಡ ಮೇಲೆ ತಟ್ಟೆಯನ್ನು ತಾವೇ ಎತ್ತಿಕೊಂಡು ನಲ್ಲಿಗೆ ಹೋಗಿ, ತಿಕ್ಕಿ ತೊಳೆದು, ಒರೆಸಿ, ಬೋರಲು ಇಡುತ್ತಿದ್ದರು. ನನ್ನ ಹೆಂಡತಿ ಬೇಡವೆಂದರೆ ಕೇಳುತ್ತಿರಲಿಲ್ಲ.

ಅಕ್ಕ ತೆಳ್ಳಗಾಗಿ ಬಂದರು. ಪರವಾನಗಿ ಹೋಗಿತ್ತು. ಮುಂದಿನ ದೀಪಾವಳಿ ಕಳೆದ ಮೇಲೆ ಅದೇ ಬಯಲಿನಲ್ಲಿ ನೆಲಗಡಲೆ, ಗೆಣಸು ಬೇಯಿಸಿಕೊಂಡು ಕೂತರು. ಈಗ ಗಿರಾಕಿಗಳೊಡನೆ ನಗುತ್ತಿದ್ದರು, ಬೇಕಾದಷ್ಟು ಹೊತ್ತು ಕೂರುತ್ತಿದ್ದರು. ಮಿಲ್ಲಿನ ಮುದುಕ ಹಲ್ಲಿಲ್ಲದ ಬಾಯಲ್ಲಿ ಗೆಣಸು ಜಗಿಯುತ್ತ ಜೈಲಿನ ಊಟ ಹೇಗಿತ್ತು ಎಂದು ಕೇಳುತ್ತಿದ್ದ. ನೀನು ಹೋಗಿ ನೋಡು, ಹಲ್ಲು ಬೇಕಾಗಿಲ್ಲ, ಎಲ್ಲ ಗಂಜಿಯೇ ಎನ್ನುತ್ತಿದ್ದರು. ಭಾವ ಅವರ ಪಕ್ಕದಲ್ಲಿ ಗೋಣಿಯ ಮೇಲೆ ಕೂತು ಕಡಲೆಯ ಕಲ್ಲು ಆರಿಸುತ್ತಿದ್ದರು. ಮರ ಹತ್ತುವ ಶಕ್ತಿ ಅವರಲ್ಲಿ ಉಳಿದಿರಲಿಲ್ಲ. ಇನ್ನೂ ಕೆಲವು ಚಳಿಗಾಲ ಹೀಗೆ ಕಳೆದು, ಒಂದು ಮಧ್ಯಾಹ್ನ ತಮ್ಮ ಖೋಲಿಯಲ್ಲಿ, ತಮ್ಮ ಚಾಪೆಯ ಮೇಲೆ, ತಲೆ ಅಕ್ಕನ ತೊಡೆಯ ಮೇಲಿಟ್ಟು ಹೋದರು. ನಾನು ಬಾಗಿಲಲ್ಲಿದ್ದೆ. ಅಕ್ಕ ಅಳುವ ಮೊದಲು, "ಮನೆಯಲ್ಲೇ ಹೋದರು," ಎಂದರು. ಎರಡು ಸಲ ಎಂದರು.

ಹೆರಿಗೆಯ ಆ ಸಂಜೆಯ ವಿಷಯವನ್ನು ಅಕ್ಕ ನನ್ನ ಹತ್ತಿರ ಯಾವತ್ತೂ ಎತ್ತಲಿಲ್ಲ. ನನ್ನ ಮನೆಗೆ ಬಂದದ್ದರಿಂದ ಹಾಗಾಯಿತು ಎಂದು ಹೇಳಲು ನಾನು ಹೊರಟಾಗಲೆಲ್ಲ ಏನಾದರೊಂದು ಕೆಲಸ ಹೇಳಿ ಎಬ್ಬಿಸುತ್ತಿದ್ದರು.

ಅವರ ಕೊನೆಯ ದಿನಗಳಲ್ಲಿ ಮುನಿಸಿಪಾಲಿಟಿ ಆಸ್ಪತ್ರೆಯಲ್ಲಿ ಹೆಚ್ಚಾಗಿ ಜೊತೆಗಿದ್ದವಳು ನನ್ನ ಮಗಳು. ಆಗ ಅವಳು ಪಾರ್ಲೆಯ ಕಾಲೇಜಿಗೆ ಹೋಗುತ್ತಿದ್ದಳು. ಅವಳಿಗೆ ಕನ್ನಡ ತಡೆತಡೆದು ಬರುತ್ತಿತ್ತು. ಅಕ್ಕನೊಡನೆ ಮಾತಾಡಲೆಂದೇ ಕಷ್ಟಪಟ್ಟು ಆಡುತ್ತಿದ್ದಳು. ಒಂದು ದಿನ ನಾನು ಕಿತ್ತಳೆ ಸುಲಿಯುತ್ತ ಕೂತಿದ್ದೆ. ಮಗಳು ಅಕ್ಕನ ಕಾಲು ಒತ್ತುತ್ತ, ತಾನು ಹುಟ್ಟಿದ ದಿನದ ಕಥೆ ಹೇಳಿ ಎಂದಳು. ಅಕ್ಕ ಹೇಳಿದರು. ನೋವು ಬಂದದ್ದು, ಕೊರಳಿಗೆ ಸುತ್ತಿದ ಬಳ್ಳಿ, ಅಳದೆ ಹೆದರಿಸಿದ್ದು, ಕೊನೆಗೆ ಇಡೀ ಚಾಳು ಏಳುವಂತೆ ಅತ್ತದ್ದು.

"ಫಿರ್? ಆಮೇಲೆ?" ಎಂದಳು ಮಗಳು.

"ಆಮೇಲೆ ಎಂತ? ಮಿಂದು ಮಾರ್ಕೆಟ್ಟಿಗೆ ಹೋದೆ." ಮಗಳ ಕೈ ಹಿಡಿದುಕೊಂಡರು. "ನಿನ್ನ ತೊಟ್ಟಿಲಿಗೆ ಮಾತ್ರ ಬರ್ಲಿಕ್ಕೆ ಆಗ್ಲಿಲ್ಲ ಮಗಾ. ಹೆಸರಿಡುವಾಗ ನಾನು ಇಲ್ಲಿ ಇರ್ಲಿಲ್ಲ."

ಎಲ್ಲಿ ಹೋಗಿದ್ದಿರಿ ಎಂದು ಮಗಳು ಕೇಳಿದಳು. ಅಕ್ಕ ನನ್ನ ಕಡೆ ನೋಡಿದರು. ನಾನು ಬಾಯಿ ತೆರೆಯುವುದು ಕಂಡು, ಕಿತ್ತಳೆಯ ಒಂದು ತೊಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಅವಳ ಬಾಯಿಗಿಟ್ಟರು.

ಆ ವಾರವೇ ಅಕ್ಕ ತೀರಿಕೊಂಡರು. ಅವರಿಗೆ ಮಕ್ಕಳಿರಲಿಲ್ಲ, ಬಾಯಿಗೆ ನೀರು ಬಿಟ್ಟವಳು ನನ್ನ ಮಗಳು. ಅವಳು ಕೇಳಿದ ಪ್ರಶ್ನೆಗೆ ಇವತ್ತಿನವರೆಗೆ ನಾನು ಉತ್ತರ ಕೊಟ್ಟಿಲ್ಲ. ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಇದನ್ನು ಬರೆದು ಮುಗಿಸಿದ ಮೇಲೆ, ಅವಳನ್ನು ಕೂರಿಸಿಕೊಂಡು ನಾನೇ ಓದಿ ಹೇಳಬೇಕು.